ಭಾವನ ಹಿಂದೆ ಗುಡ್ಡ ಹತ್ತಿದ್ದು

ಭಾವನ ಮುಖಕ್ಕಿಂತ ಅವರ ಮೀನಖಂಡಗಳು ನನಗೆ ಹೆಚ್ಚು ಪರಿಚಿತ. ಸುಲಿದ ತೆಂಗಿನಕಾಯಿಯಷ್ಟು ಗಟ್ಟಿ, ಮೇಲೆ ನೀಲಿ ನರಗಳ ಗಂಟು, ಎಡಗಾಲಿನಲ್ಲಿ ನಾಯಿ ಕಚ್ಚಿದ ಹಳೆಯ ಗುರುತು. ಗುಡ್ಡ ಹತ್ತುವಾಗ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಅಷ್ಟೇ. ಅವರು ಚಡ್ಡಿ ಹಾಕಿಕೊಂಡು ಮುಂದೆ, ಅಕ್ಕ ಮತ್ತು ನಾನು ಹಿಂದೆ. ಹಿಂದಿನವರು ಬರುತ್ತಿದ್ದಾರೋ ಬಿದ್ದಿದ್ದಾರೋ ಎಂದು ಆ ಮನುಷ್ಯ ಒಮ್ಮೆಯಾದರೂ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ಕಾರ್ಕಳದಲ್ಲಿ ಅವರದ್ದು ಟೈಲ್ಸ್ ಅಂಗಡಿ. ಭಾನುವಾರ ಅಂಗಡಿಗೆ ರಜೆ, ಅಕ್ಕನಿಗೆ ಸಜೆ. ಐವತ್ತು ದಾಟಿದ ಮೇಲೆ ಯಾರೋ ಡಾಕ್ಟರು ನಡೆಯಿರಿ ಎಂದದ್ದೇ ನೆಪವಾಗಿ ಅವರಿಗೆ ಗುಡ್ಡದ ಹುಚ್ಚು ಹಿಡಿಯಿತು. ಹೆಂಡತಿ ಯಾಕೆ ಬೇಕೆಂದರೆ, ಬುತ್ತಿ ಹೊರಲಿಕ್ಕೆ ಮತ್ತು ತುದಿಯಲ್ಲಿ ಪಕ್ಕಕ್ಕೆ ನಿಲ್ಲಲಿಕ್ಕೆ. ಸಂಜೆಯೊಳಗೆ ವಾಟ್ಸಾಪಿನಲ್ಲಿ ಪಟ ಬರುತ್ತಿತ್ತು: ‘ಸಹಧರ್ಮಿಣಿಯೊಂದಿಗೆ.’ ಪಟದಲ್ಲಿ ಅಕ್ಕನ ಬಾಯಿ ಸದಾ ತೆರೆದೇ ಇರುತ್ತಿತ್ತು. ನಗು ಎಂದು ಜನ ಅಂದುಕೊಂಡಿದ್ದರು. ಅದು ಏದುಸಿರು.

ಅಕ್ಕ ಶನಿವಾರ ಫೋನು ಮಾಡುತ್ತಿದ್ದಳು. “ನೀನೂ ಬಾ ಮಾರಾಯ್ತಿ. ನೀನಿದ್ದರೆ ನನ್ನೊಟ್ಟಿಗೆ ಹಿಂದೆ ಒಬ್ಬಳಾದರೂ ಇರ್ತಾಳಲ್ವಾ?” ನಾನು ಬನ್ನಂಜೆಯಿಂದ ಮೊದಲ ಬಸ್ಸಿಗೆ ಹೊರಡುತ್ತಿದ್ದೆ, ಮನಸ್ಸಿನಲ್ಲೇ ಭಾವನನ್ನು ಬೈಯುತ್ತಾ.

ಸುತ್ತಲಿನ ಗುಡ್ಡಗಳನ್ನು ಅವರು ಮೂರು ಜಾತಿ ಮಾಡಿದ್ದರು. ಮೆಟ್ಟಿಲಿರುವ ಕುಂಜಾರುಗಿರಿ, ಕಾರ್ಕಳದ ಗೊಮ್ಮಟ ಬೆಟ್ಟ, ಇವೆಲ್ಲ ‘ಅಜ್ಜಿ ಗುಡ್ಡ’. ಕಿಗ್ಗದ ಕಡೆಯಿಂದ ನರಸಿಂಹ ಪರ್ವತ ಹತ್ತಿದರೆ ‘ಹೆಂಗಸರ ಗುಡ್ಡ’. ಕುದುರೆಮುಖದ ಕಡೆಯವು ಮಾತ್ರ ಬರೀ ‘ಗುಡ್ಡ’. ಇದನ್ನು ಅವರು ತಮಾಷೆಗೆ ಹೇಳುತ್ತಿರಲಿಲ್ಲ.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುತ್ತಿದ್ದದ್ದು ಅವರು ವಿಶ್ರಾಂತಿ ಪಡೆಯುವ ರೀತಿ. ಮುಂದೆ ಹೋಗಿ ಯಾವುದೋ ಬಂಡೆಯ ಮೇಲೆ ಹಾಯಾಗಿ ಕೂರುತ್ತಿದ್ದರು. ಅಕ್ಕ ಬೆವರು ಒರೆಸಿಕೊಳ್ಳುತ್ತಾ ಅಲ್ಲಿಗೆ ಮುಟ್ಟಿದ್ದೇ ತಡ, ಎದ್ದು ಚಡ್ಡಿ ಕೊಡವಿ, “ಹಾಂ, ಎಲ್ಲರೂ ಬಂದಾಯ್ತಲ್ಲ, ಹೊರಡುವ” ಎನ್ನುತ್ತಿದ್ದರು. ಹೀಗೆ ಅವರಿಗೆ ಪ್ರತಿ ಏರಿನಲ್ಲೂ ವಿಶ್ರಾಂತಿ, ಅಕ್ಕನಿಗೆ ಎಲ್ಲಿಯೂ ಇಲ್ಲ. ನಾನು ಇದನ್ನು ಮುಖಕ್ಕೇ ಹೇಳಿದೆ. “ನಿಧಾನ ಹೋಗುವವರು ಕೂರಬಾರದು, ಕೂತರೆ ಕಾಲು ಹಿಡ್ಕೊಳ್ತದೆ” ಎಂದು ನನಗೇ ಪಾಠ ಮಾಡಿದರು.

ಮುಂಗಾರು ಇನ್ನೇನು ಹಿಡಿಯಬೇಕೆನ್ನುವ ಹೊತ್ತಿನಲ್ಲಿ ಕುರಿಂಜಲ್‌ಗೆ ಹೋದೆವು. ಅವರ ಇಬ್ಬರು ಸ್ನೇಹಿತರೂ, ಅರಣ್ಯ ಇಲಾಖೆಯ ಗೈಡೂ ಜೊತೆಗಿದ್ದರು. ಅಕ್ಕನಿಗೆ ಆ ತಿಂಗಳು ರಕ್ತಸ್ರಾವ ನಿಂತಿರಲಿಲ್ಲ. ರಕ್ತ ತೀರಾ ಕಡಿಮೆ ಉಂಟು, ಆಪರೇಷನ್ ಬೇಕಾಗಬಹುದು ಎಂದು ಮಣಿಪಾಲದಲ್ಲಿ ಹೇಳಿದ್ದರು. ಭಾವನಿಗೆ ಗೊತ್ತಿತ್ತು. “ಗಾಳಿ ಕುಡಿದ್ರೆ ಎಲ್ಲ ಸರಿ ಆಗ್ತದೆ” ಎಂದು ಕರೆದುಕೊಂಡು ಬಂದಿದ್ದರು.

ಕಾಡಿನ ಜೀಪು ದಾರಿ ಮುಗಿದು ಬೋಳು ಏರು ಶುರುವಾಗುವಲ್ಲಿ ಅಕ್ಕನ ತುಟಿ ಬಿಳಚಿಕೊಂಡಿತ್ತು. ನನ್ನ ಹೆಗಲು ಹಿಡಿದು ಬಂದಳು. ಭಾವ ಬಂಡೆಯಿಂದ ಎದ್ದರು. “ಹಾಂ, ಹೊರಡುವ.”

ಅಕ್ಕ ಕೂತಳು.

“ಏಳು, ಏಳು. ಮೋಡ ಬರ್ತಾ ಉಂಟು.”

“ನಾನು ಕೂರ್ತೇನೆ” ಎಂದಳು ಅಕ್ಕ. ಚೀಲದಿಂದ ಡಬ್ಬಿ ತೆಗೆದು ಅಕ್ಕಿಯ ಪುಂಡಿ ಕಡುಬು, ಚಟ್ನಿ ಹೊರಗಿಟ್ಟಳು. ಒಂದು ಪುಂಡಿ ಮುರಿದು ಬಾಯಿಗೆ ಹಾಕಿಕೊಂಡಳು. ಭಾವ ತಿನ್ನುವ ಮೊದಲು ಅವಳು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾವ ಸ್ನೇಹಿತರ ಕಡೆ ತಿರುಗಿ ನಕ್ಕರು. “ಇವಳನ್ನು ಹೆಂಗಸರ ಗುಡ್ಡಕ್ಕೇ ಬಿಡಬೇಕಿತ್ತು.”

ಯಾರೂ ನಗಲಿಲ್ಲ. ಒಬ್ಬರು ಮೆಲ್ಲಗೆ ಅಕ್ಕನ ಪಕ್ಕ ಕೂತು ಪುಂಡಿಗೆ ಕೈಚಾಚಿದರು. ಇನ್ನೊಬ್ಬರೂ ಕೂತರು. ಮಂಜು ಕವಿದರೆ ಮೇಲೆ ದಾರಿ ಕಾಣುವುದಿಲ್ಲ, ಇಳಿಯುವುದೇ ಒಳ್ಳೆಯದು ಎಂದು ಗೈಡ್ ಹೇಳಿದ. ಭಾವ ಒಬ್ಬರೇ ಮೇಲಕ್ಕೆ ನಡೆದರು.

“ನೀವು ಅವರ ಹಿಂದೆ ಹೋಗಿ. ನಾವು ಜೀಪು ದಾರಿಯಲ್ಲಿ ಇಳಿತೇವೆ” ಎಂದು ಅಕ್ಕ ಗೈಡನ್ನು ಕಳಿಸಿದಳು. ನನಗೆ ಅದೂ ಸಿಟ್ಟು ತರಿಸಿತು. ಹೋಗಲಿ ಬಿಡು ಎನ್ನಬಹುದಿತ್ತು.

ಕೆಳಗೆ ಬಂದರೆ ಕಾರಿನ ಕೀಲಿ ಭಾವನ ಕಿಸೆಯಲ್ಲಿ. ಮಳೆ ಸುರಿಯಿತು. ಅಕ್ಕ ಒದ್ದೆ ಸೀರೆಯಂತೆ ನನಗೆ ಅಂಟಿಕೊಂಡು ನಡುಗುತ್ತಿದ್ದಳು. ಕೊನೆಗೆ ಬಂದ ಭಾವ ಕ್ಷೇಮ ಕೇಳಲಿಲ್ಲ. ಬಾಗಿಲು ತೆಗೆದು, “ಮುಂದಿನ ವಾರದಿಂದ ನೀನು ಬರುವುದು ಬೇಡ” ಎಂದರು.

“ನಿಮ್ಮೊಟ್ಟಿಗೆ ಬರುವುದಿಲ್ಲ” ಎಂದಳು ಅಕ್ಕ.

ಆಪರೇಷನ್ ಆಯಿತು. ಮೈ ಕೂಡಿಕೊಂಡ ಮೇಲೆ ಅಕ್ಕ ನನ್ನನ್ನೂ ಆಚೀಚೆ ಮನೆಯ ಹೆಂಗಸರನ್ನೂ ಕಟ್ಟಿಕೊಂಡು ಗುಡ್ಡಕ್ಕೆ ಹೊರಟಳು, ಮೊದಲು ಕುಂಜಾರುಗಿರಿ, ಮತ್ತೆ ಒಂದೊಂದಾಗಿ ದೊಡ್ಡವು. ಒಂದೇ ಮನೆಯಿಂದ ಭಾನುವಾರ ಎರಡು ತಂಡ. ಒಮ್ಮೆ ಕಿಗ್ಗದ ದಾರಿಯಲ್ಲಿ ಭಾವ ಎದುರಾದರು. ಪರಿಚಯವೇ ಇಲ್ಲದವರಂತೆ ಬದಿಗೆ ಸರಿದು ಹೋದರು.

ಆಮೇಲೆ ಅವರ ಹೃದಯ ಕೈಕೊಟ್ಟಿತು. ಮೆಟ್ಟಿಲೂ ಹತ್ತಬಾರದು ಎಂದರು ಡಾಕ್ಟರು. ಜಗಲಿಯ ಕುರ್ಚಿಯಲ್ಲಿ ಕೂತು ನಮ್ಮನ್ನು ಕಾಯುತ್ತಿದ್ದರು.

“ಎಲ್ಲಿಗೆ ಹೋದದ್ದು?”

“ಕೊಡಚಾದ್ರಿ, ನಡೆದುಕೊಂಡೇ.”

“ಜೀಪು ಹೋಗುವಲ್ಲಿಗೆ ನಡೆದದ್ದು ಎಂತ ದೊಡ್ಡದು? ಅದು ಹೆಂಗಸರ ಗುಡ್ಡ.”

ಅಕ್ಕ ಶೂ ಬಿಚ್ಚುತ್ತಾ, “ಹೌದು, ಹೆಂಗಸರೇ ಹೋದದ್ದು” ಎಂದಳು. ಕಾಯಿಲೆ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಎನ್ನುತ್ತಾರೆ. ಭಾವನನ್ನು ಮಾಡಲಿಲ್ಲ. ಮರುವರ್ಷದ ಮಳೆಗಾಲ ಕಳೆಯುವ ಮೊದಲೇ ತೀರಿಕೊಂಡರು. ಕುರಿಂಜಲ್‌ನ ಆ ದಿನದ ಬಗ್ಗೆ ಅಕ್ಕನಲ್ಲಿ ಒಂದು ಮಾತೂ ಆಡದೆ.

ಉತ್ತರಕ್ರಿಯೆಯ ಊಟದ ದಿನ ಜನ ಅವರನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ಕೇಳಲಾಗದೆ ಬಾವಿಕಟ್ಟೆಯ ಕಡೆ ಹೋದೆ. ಅಕ್ಕ ಹಿಂದೆಯೇ ಬಂದಳು.

“ನಿನಗೆ ಅವರ ಮೇಲೆ ಇನ್ನೂ ಕೋಪ ಉಂಟು.”

“ನಿನಗಿಲ್ವಾ?”

“ಉಂಟು” ಎಂದಳು. ಬಾವಿಕಟ್ಟೆಯ ಮೇಲೆ ಕೂತು, “ಆದ್ರೆ ಅವರು ಎಳೆದುಕೊಂಡು ಹೋಗದಿದ್ರೆ ನಾನು ಯಾವ ಗುಡ್ಡ ನೋಡ್ತಿದ್ದೆ ಹೇಳು? ನೀನಾದ್ರೂ ನೋಡ್ತಿದ್ದೆಯಾ?”

ನನ್ನ ಕಾಲಿಗೆ ಇಷ್ಟು ಬಲ ಬಂದದ್ದು ಆ ಮನುಷ್ಯನ ಹಿಂದೆ ನಡೆದೇ. ಅವರನ್ನು ನಾನು ಕ್ಷಮಿಸದಿರುವುದಕ್ಕೆ ಅದೂ ಒಂದು ಕಾರಣ.