ಲಿಫ್ಟಕ್ಕ ಕಾರು ಆರಿಸಿದ್ದು

ಊರಿನವರೆಲ್ಲ ಅವಳನ್ನು ಲಿಫ್ಟಕ್ಕ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಲಿಫ್ಟುಗಳ ಹೊಟ್ಟೆಯೊಳಗೆ ಕೈ ಹಾಕಿ ಗ್ರೀಸು ಬಳಿದುಕೊಂಡವಳಿಗೆ ಆ ಹೆಸರು ಚರ್ಮದ ಹಾಗೆ ಅಂಟಿಕೊಂಡಿತ್ತು. ಅವಳ ಮನೆ ಕೆಳಗಿನ ಊರಿನಲ್ಲಿ. ಕೆಲಸದ ಅರ್ಧ ಪಾಲು ಗುಡ್ಡದ ನೆತ್ತಿಯ ಮೇಲಿನ ಊರಿನಲ್ಲಿ. ನಡುವೆ ಇಪ್ಪತ್ತಮೂರು ಕಿಲೋಮೀಟರ್ ದಾರಿ, ಮೂವತ್ತೊಂದು ತಿರುವು. ಚಳಿಗಾಲದ ನಾಲ್ಕು ತಿಂಗಳು ಮರದ ನೆರಳು ಬೀಳುವ ಕಡೆಯೆಲ್ಲ ನೀರು ಹೆಪ್ಪುಗಟ್ಟಿ, ರಸ್ತೆ ಗಾಜಿನ ಹಾಗಿರುತ್ತಿತ್ತು.

ಹೋದ ಚಳಿಗಾಲದಲ್ಲಿ ಅವಳ ಹಳೇ ವ್ಯಾನು ಒಂಬತ್ತನೇ ತಿರುವಿನಲ್ಲಿ ಜಾರಿ, ಅಡ್ಡಡ್ಡ ಹೋಗಿ ಕಲ್ಲಿನ ಗೋಡೆಗೆ ಒರಗಿ ನಿಂತಿತ್ತು. ಅವಳಿಗೆ ಪೆಟ್ಟಾಗಲಿಲ್ಲ. ಆದರೆ ಮೇಲಿನ ಊರಿನ ಲಿಫ್ಟಿನೊಳಗೆ ಸಿಕ್ಕಿಬಿದ್ದಿದ್ದ ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಎರಡೂವರೆ ಗಂಟೆ ಕಾದು ಪ್ರಜ್ಞೆ ತಪ್ಪಿದ್ದರು. ಬಾಗಿಲು ತೆಗೆದಾಗ ಅವರ ಕನ್ನಡಕ ಒಂದು ಕಡೆ, ಅವರು ಒಂದು ಕಡೆ. ಬದುಕಿಕೊಂಡರು ನಿಜ. ಆದರೆ ಆಮೇಲೆ ಫೋನು ಬಂದಾಗಲೆಲ್ಲ ಅವಳ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು.

ಕಾರು ಬದಲಾಯಿಸಬೇಕು ಅನ್ನುವುದರಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ಯಾವ ಕಾರು ಅನ್ನುವುದರಲ್ಲೇ ಯುದ್ಧ.

ಅವಳಿಗೆ ಬೇಕಾದದ್ದು ಎಲ್ಲಕ್ಕೂ ಆಗುವ ಒಂದೇ ಗಾಡಿ. ಅಪಾರ್ಟ್‌ಮೆಂಟಿನ ಕೆಳಗೆ ಅವರಿಗಿದ್ದದ್ದು ಒಂದೇ ಗಾಡಿಯ ಜಾಗ. ಕೆಲಸದ ಪೆಟ್ಟಿಗೆ, ಮಡಚುವ ಏಣಿ, ಹಗ್ಗದ ಸುರುಳಿ ಹಿಡಿಸಬೇಕು. ಶನಿವಾರ ಸಂತೆ ಸಾಮಾನು ಹಿಡಿಸಬೇಕು. ಅವಳ ಅಮ್ಮನ ಸೊಂಟದ ಮೂಳೆ ಬದಲಾಯಿಸಿ ಆರು ತಿಂಗಳಾಗಿತ್ತು. ಆಕೆ ಎತ್ತರದ ಎಸ್‌ಯುವಿ ಹತ್ತಲಾರಳು, ತಗ್ಗಿನ ಕಾರಿನೊಳಗೆ ಕೂತರೆ ಏಳಲಾರಳು. ಎಲ್ಲಕ್ಕಿಂತ ಹೆಚ್ಚಾಗಿ, ಗುಡ್ಡ ಹತ್ತುವಾಗ ಗಾಡಿ ನೆಲ ಕಚ್ಚಿ ಹಿಡಿಯಬೇಕು. ಮೂರು ತಿಂಗಳು ಹುಡುಕಿ ಅವಳು ಒಂದು ವ್ಯಾಗನ್ ಮೇಲೆ ಕಣ್ಣಿಟ್ಟಳು. ಉದ್ದನೆಯ ಬೆನ್ನು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ನೋಡೋದಕ್ಕೆ ಸಾಧು ಹಸು. ಆದರೆ ಬಾನೆಟ್ಟಿನ ಕೆಳಗೆ ಮುನ್ನೂರು ಕುದುರೆ.

ಆ ಮುನ್ನೂರು ಕುದುರೆಗಳೇ ಅವಳ ಗಂಡನ ಎದೆಯ ಮೇಲೆ ಓಡಿದ್ದು.

ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಹದಿನೆಂಟು ವರ್ಷ ಪಕ್ಕದ ಸೀಟಿನಲ್ಲಿ ಕೂತು, ಬಲಗಾಲನ್ನು ತನ್ನ ಕಡೆಯ ಬ್ರೇಕಿನ ಮೇಲಿಟ್ಟುಕೊಂಡು ಅರ್ಧ ಊರಿಗೆ ಕಾರು ಕಲಿಸಿದವನು. ನಾಲ್ಕು ವರ್ಷದ ಹಿಂದೆ ಅವನ ಶಿಷ್ಯನೊಬ್ಬ, ಲೈಸೆನ್ಸ್ ಸಿಕ್ಕ ಐದನೇ ವಾರ, ಅಣ್ಣನ ವೇಗದ ಕಾರು ತೆಗೆದುಕೊಂಡು ಹೋಗಿ ಅದೇ ಗುಡ್ಡದ ಹದಿನೇಳನೇ ತಿರುವಿನಲ್ಲಿ ಕೆಳಗೆ ಬಿದ್ದಿದ್ದ. ಮೇಷ್ಟ್ರು ಅಂತ್ಯಕ್ರಿಯೆಗೆ ಹೋಗಿ ಬಂದವನು ಆ ವಿಷಯ ಮತ್ತೆ ಬಾಯಿಗೆ ತಂದಿರಲಿಲ್ಲ. ಅವಳೂ ಕೆದಕಿರಲಿಲ್ಲ.

"ಸಂತೆಗೆ ಹೋಗೋಕೆ ಮುನ್ನೂರು ಕುದುರೆ ಯಾಕೆ? ಈರುಳ್ಳಿ ಓಡಿಹೋಗುತ್ತಾ?" ಅಂದ ಅವನು.

"ಸಂತೆಗಲ್ಲ ರೀ. ಗುಡ್ಡಕ್ಕೆ."

"ಗುಡ್ಡಕ್ಕೆ ಬೇಕಾಗಿರೋದು ತಾಳ್ಮೆ. ನಾಲ್ಕೂ ಚಕ್ರ ತಿರುಗಿದ್ರೆ ಗಾಡಿ ಹೊರಡುತ್ತೆ ಅಷ್ಟೇ. ನಿಲ್ಲೋಕೆ ಟೈರೇ ಗತಿ. ಹೊರಡೋಕೆ ಬರೋರು ಎಲ್ರೂ, ನಿಲ್ಲೋಕೆ ಬರೋರು ಯಾರು?"

"ಆ ಲಾರಿಗಳ ಹಿಂದೆ ಹೊಗೆ ಕುಡೀತಾ ಒಂದು ಗಂಟೆ ತೆವಳೋದು ಯಾರು? ನೀವಾ ನಾನಾ?"

ಅಮ್ಮ ಒಳಗಿನಿಂದ, "ಇಬ್ರೂ ಸ್ವಲ್ಪ ಬ್ರೇಕ್ ಹಾಕ್ರಪ್ಪಾ" ಅಂದಳು. ಯಾರೂ ನಗಲಿಲ್ಲ. ಅಲ್ಲಿಂದ ನಾಲ್ಕು ದಿನ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು.

ಐದನೇ ದಿನ ಭಾನುವಾರ. ಕಾರು ಮಾರುವವರು ಅಗ್ನಿಶಾಮಕ ದಳದಿಂದ ನಿವೃತ್ತರಾದವರು, ಎಲ್ಲರ ಬಾಯಲ್ಲೂ ಕ್ಯಾಪ್ಟನ್. ಬೆನ್ನುಮೂಳೆ ಕೈಕೊಟ್ಟು, ಆ ಗಟ್ಟಿ ಸ್ಪ್ರಿಂಗಿನ ಗಾಡಿಯಲ್ಲಿ ಕೂರಲಾರದೆ ಮಾರುತ್ತಿದ್ದರು. ಮನೆ ಗುಡ್ಡದ ಬುಡದಲ್ಲಿ. ಬೆಳಗ್ಗೆ ಹತ್ತಕ್ಕೆ ಅವಳು ಅಮ್ಮನನ್ನೂ, ಕೆಲಸದ ಪೆಟ್ಟಿಗೆಯನ್ನೂ, ಏಣಿಯನ್ನೂ ಕಟ್ಟಿಕೊಂಡೇ ಹೋದಳು. ಹಿಡಿಸುತ್ತೋ ಇಲ್ಲವೋ ಕಣ್ಣಾರೆ ನೋಡಬೇಕು ಅನ್ನುವವಳು. ಮೇಷ್ಟ್ರು ಕರೆಯದೆಯೇ ಹಿಂದೆ ಬಂದ.

ಪೆಟ್ಟಿಗೆ ಹಿಡಿಸಿತು. ಏಣಿಯೂ ಹಿಡಿಸಿತು. ಅಮ್ಮ ಹಿಂದಿನ ಸೀಟಿನಲ್ಲಿ ಕೂತು, ಎದ್ದು, ಮತ್ತೆ ಕೂತು, "ನಮ್ಮನೆ ಕುರ್ಚಿಯಷ್ಟೇ ಎತ್ತರ" ಅಂತ ತೀರ್ಪು ಕೊಟ್ಟಳು. ಮೇಷ್ಟ್ರು ಮೊಣಕಾಲೂರಿ ಒಂದೊಂದೇ ಟೈರಿನ ಗೀರುಗಳಿಗೆ ಉಗುರು ತೂರಿಸಿ ನೋಡಿದ.

"ಹೋದ ತಿಂಗಳು ಹಾಕಿಸಿದ್ದು ಸಾರ್, ಚಳಿಗಾಲದ ಟೈರು" ಅಂದರು ಕ್ಯಾಪ್ಟನ್.

"ನೋಡಿದೆ" ಅಂದ ಮೇಷ್ಟ್ರು. ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ.

ಲಿಫ್ಟಕ್ಕ ಸ್ಟೀರಿಂಗ್ ಹಿಡಿದಳು. ಪಕ್ಕದಲ್ಲಿ ಗಂಡ, ಹಿಂದೆ ಅಮ್ಮ ಮತ್ತು ಕ್ಯಾಪ್ಟನ್. ಮೂರನೇ ತಿರುವು ದಾಟುವ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು. ಗಾಡಿ ಬದಿಗೆ ನಿಲ್ಲಿಸಿ ಸ್ಪೀಕರಿಗೆ ಹಾಕಿದಳು.

ಹೆಂಗಸಿನ ದನಿ, ಏದುಸಿರು. "ಮೇಡಂ, ಮೇಲಿನೂರಿಂದ, ಗಡಿಯಾರ ಗೋಪುರದ ಎದುರಿನ ಬಿಲ್ಡಿಂಗು. ಲಿಫ್ಟು ನಾಲ್ಕು ಐದರ ಮಧ್ಯ ನಿಂತ್ಬಿಟ್ಟಿದೆ. ನಮ್ಮೆಜಮಾನ್ರು ಒಳಗಿದ್ದಾರೆ. ಅವರಿಗೆ ಶ್ವಾಸಕೋಶದ ಕಾಯಿಲೆ, ಆಕ್ಸಿಜನ್ ಮೇಲೇ ಇರೋರು. ಕೈಯಲ್ಲಿರೋದು ಚಿಕ್ಕ ಸಿಲಿಂಡರು. ಇನ್ನು ನಲವತ್ತು ನಿಮಿಷ ಬರಬಹುದು ಅಂತಿದ್ದಾರೆ."

"ಅಗ್ನಿಶಾಮಕದವರಿಗೆ ಹೇಳಿದ್ರಾ?"

"ಹೇಳಿದೆ. ಆಚೆ ಕಡೆ ಕಣಿವೇಲಿ ಬಸ್ಸು ಮಗುಚಿದೆಯಂತೆ, ಎಲ್ಲ ಅಲ್ಲಿದ್ದಾರೆ. ಬರೋಕೆ ಒಂದು ಗಂಟೆ ಮೇಲಾಗುತ್ತಂತೆ."

ಕಾವಲುಗಾರನಿಗೆ ಫೋನಿನಲ್ಲೇ ಹೇಳಿಕೊಡೋಣವೆಂದರೆ ಆಗದ ಮಾತು. ಮೆಷಿನ್ ರೂಮಿನ ಬೀಗದ ಕೈ ಅವಳ ಗೊಂಚಲಿನಲ್ಲಿತ್ತು. ಬೀಗ ಒಡೆದರೂ, ಬ್ರೇಕು ಬಿಡಿಸುವ ಕೆಲಸ ಅರಿಯದವರ ಕೈಗೆ ಸಿಕ್ಕರೆ ಲಿಫ್ಟು ತನ್ನಿಷ್ಟಕ್ಕೆ ಓಡೀತು.

ಅವಳು ಹಿಂದೆ ತಿರುಗಿದಳು. "ಸಾರ್, ಇದು ಇನ್ನೂ ನಿಮ್ಮ ಗಾಡಿ..."

"ಹೊರಡಮ್ಮಾ" ಅಂದರು ಕ್ಯಾಪ್ಟನ್.

ಆಗ ಗಂಡನ ಮುಖ ನೋಡಿದಳು. ಅವನು ಸೀಟ್ ಬೆಲ್ಟು ಒಮ್ಮೆ ಜಗ್ಗಿ ನೋಡಿದ. ಅಷ್ಟೇ.

ಗಾಡಿ ಮೇಲಕ್ಕೆ ಹೊರಟಿತು. ಅವಳು ಎಂದೂ ಅಂಥ ಗಾಡಿ ಓಡಿಸಿರಲಿಲ್ಲ. ಕಾಲು ಒಂದು ಅಂಗುಲ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಹೆದರಿ ಕಾಲು ಸಡಿಲಿಸಿದಳು. ಮೇಷ್ಟ್ರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು. ಏಳನೇ ತಿರುವಿನಲ್ಲಿ ಮರಳು ತುಂಬಿದ ಲಾರಿಯೊಂದು ಮುಂದೆ ಸಿಕ್ಕಿತು. ಆಮೆಗತಿ. ಒಂದು ತಿರುವು ಹಿಂದೆ ಹೋದಳು, ಎರಡು ತಿರುವು ಹೋದಳು. ಗಡಿಯಾರದ ಮುಳ್ಳು ಅವಳ ಕತ್ತಿನೊಳಗೇ ಓಡುತ್ತಿರುವಂತಿತ್ತು. ಹತ್ತನೇ ತಿರುವಾದ ಮೇಲೆ ಒಂದು ನೇರ ದಾರಿಯಿದೆ, ಇನ್ನೂರು ಮೀಟರ್ ಇದ್ದರೆ ಹೆಚ್ಚು. ಹಳೇ ವ್ಯಾನಿನಲ್ಲಿ ಅಲ್ಲಿ ಲಾರಿ ದಾಟುವ ಯೋಚನೆಯನ್ನೂ ಮಾಡುವ ಹಾಗಿರಲಿಲ್ಲ.

ಮೇಷ್ಟ್ರು ಕಿಟಕಿಗೆ ಕೆನ್ನೆಯೊತ್ತಿ ಮುಂದಿನ ತಿರುವಿನ ಮೇಲೆ ಕಾಣುವ ರಸ್ತೆ ನೋಡುತ್ತಿದ್ದ. "ಎದುರಿಗೆ ಯಾರೂ ಇಲ್ಲ" ಅಂದ. ಆಮೇಲೆ, ತಾನೇ ಆಡಿದನೋ ಬೇರೆ ಯಾರಾದರೂ ಆಡಿದರೋ ಅನ್ನುವ ದನಿಯಲ್ಲಿ, "ಈಗ. ಪೂರ್ತಿ ಒತ್ತು" ಅಂದ.

ಅವಳು ಒತ್ತಿದಳು. ಎಂಜಿನ್ನು ಗರ್ಜಿಸಿತು, ಲಾರಿ ಹಿಂದಕ್ಕೆ ಹೋಯಿತು. ಮುಂದಿನ ತಿರುವು ಬರುವುದಕ್ಕೆ ಇನ್ನೂ ಎಷ್ಟೋ ಜಾಗ ಉಳಿದಿತ್ತು.

"ನಿಧಾನ ಕಣೇ, ನನಗಿರೋದು ಒಂದೇ ಹೊಸ ಸೊಂಟ" ಅಂದಳು ಅಮ್ಮ.

ಫೋನಿನಲ್ಲಿ ಹೆಂಗಸು ಅಳುತ್ತಿದ್ದಳು. ಕ್ಯಾಪ್ಟನ್ ಫೋನು ಕೈಗೆ ತೆಗೆದುಕೊಂಡು, "ತಾಯಿ, ಅಳು ಆಮೇಲೆ. ಅವರಿಗೆ ಕೂತ್ಕೊಳ್ಳೋಕೆ ಹೇಳಿ. ಮಾತು ಬೇಡ. ನೀವು ಕೇಳಿ, ಅವರು ಬಾಗಿಲು ತಟ್ಟಲಿ ಸಾಕು. ಹೌದಾದ್ರೆ ಒಂದು ಸಲ, ಇಲ್ಲಾಂದ್ರೆ ಎರಡು" ಅಂತ ಹೇಳಿಕೊಟ್ಟರು. ಸ್ವಲ್ಪ ಹೊತ್ತಿಗೆ ಕೇಳಿತು: ಟಕ್. ಒಂದೇ ಸಲ.

ಹದಿನೇಳನೇ ತಿರುವು ಹತ್ತಿರ ಬಂತು. ತಡೆಗೋಡೆಯಲ್ಲಿ ಹೊಸದಾಗಿ ಕಟ್ಟಿದ ಭಾಗದ ಬಣ್ಣ ಇನ್ನೂ ಬೇರೆಯಾಗಿಯೇ ಕಾಣುತ್ತಿತ್ತು. ಮೇಲೆ ದಟ್ಟ ಮರಗಳು, ಕೆಳಗೆ ರಸ್ತೆ ಕಪ್ಪಗೆ ಹೊಳೆಯುತ್ತಿತ್ತು.

"ಇಲ್ಲೇ ಬ್ರೇಕ್ ಹಾಕು. ಇನ್ನೂ. ಇನ್ನೂ. ಸಾಕು, ಕಾಲು ತೆಗಿ" ಅಂದ ಮೇಷ್ಟ್ರು. ಪಾಠ ಹೇಳುವ ಅದೇ ಒಣ ದನಿ. "ತಿರುವಿನೊಳಗೆ ಬ್ರೇಕ್ ಮುಟ್ಟಬೇಡ. ಎದುರಿನ ಆ ಮನೆ ಕಡೆ ನೋಡು, ಗೋಡೆ ಕಡೆ ಅಲ್ಲ. ಕಣ್ಣು ಹೋದ ಕಡೆ ಗಾಡಿ ಹೋಗುತ್ತೆ."

ತಿರುವಿನಾಚೆ ಒಂದು ಕೆಂಪು ಚಾವಣಿಯ ಮನೆಯಿತ್ತು. ಅವಳು ಅದನ್ನೇ ನೋಡಿದಳು. ಗಾಡಿಯ ಹಿಂಭಾಗ ಒಂದು ಗೇಣು ಜಾರಿತು. ಮರುಕ್ಷಣ ನಾಲ್ಕೂ ಚಕ್ರ ಎಲ್ಲಿಂದಲೋ ನೆಲ ಹುಡುಕಿ ಹಿಡಿದವು. ಗಾಡಿ ನೆಟ್ಟಗಾಯಿತು. ಮೇಷ್ಟ್ರು ತಡೆಗೋಡೆಯ ಕಡೆ ತಿರುಗಿ ನೋಡಲೇ ಇಲ್ಲ.

ಮೇಲಿನ ಊರು ತಲುಪಿದಾಗ ಫೋನು ಬಂದು ಇಪ್ಪತ್ತಾರು ನಿಮಿಷವಾಗಿತ್ತು.

ಅಮ್ಮ ಕಾರಿನಲ್ಲೇ ಉಳಿದಳು. ಕ್ಯಾಪ್ಟನ್ ಮೆಟ್ಟಿಲ ಕಂಬಿ ಹಿಡಿದುಕೊಂಡು, ಬೆನ್ನು ನೋವಿಗೆ ಹಲ್ಲು ಕಚ್ಚಿ ಐದನೇ ಮಹಡಿಯ ಕಡೆ ಹೊರಟರು. ಲಿಫ್ಟಕ್ಕನೂ ಮೇಷ್ಟ್ರೂ ಪೆಟ್ಟಿಗೆಯ ಒಂದೊಂದು ಹಿಡಿ ಹಿಡಿದು ಏಳು ಮಹಡಿ ಓಡಿದರು. ಮೆಷಿನ್ ರೂಮಿನಲ್ಲಿ ಅವಳು ಮೊದಲು ಮೇನ್ ಸ್ವಿಚ್ಚು ಇಳಿಸಿದಳು. ಆಮೇಲೆ ಕಬ್ಬಿಣದ ಉದ್ದನೆಯ ಸರಳೊಂದನ್ನು ಬ್ರೇಕಿಗೆ ಸಿಕ್ಕಿಸಿ ಗಂಡನ ಕೈಗೆ ಕೊಟ್ಟಳು.

"ಅವರ ಒಬ್ಬರ ಭಾರಕ್ಕಿಂತ ಎದುರುತೂಕ ಹೆಚ್ಚು. ಬ್ರೇಕ್ ಬಿಟ್ರೆ ಲಿಫ್ಟು ತಾನೇ ಮೇಲೆ ನೆಗೆಯುತ್ತೆ. ನಾನು ಮೋಟಾರಿನ ಚಕ್ರ ಹಿಡ್ಕೊಂಡಿರ್ತೀನಿ. 'ಬಿಡಿ' ಅಂದಾಗ ಸರಳು ಒತ್ತಿ, 'ಹಿಡಿ' ಅಂದಾಗ ಕೈ ತೆಗೀರಿ, ಬ್ರೇಕೇ ಹಿಡ್ಕೊಳ್ಳುತ್ತೆ. ಯೋಚನೆ ಮಾಡಬೇಡಿ, ನಾನು ಹೇಳಿದಷ್ಟು ಮಾಡಿ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳ ಕೆಲಸವನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತಲೆಯಾಡಿಸಿದ.

"ಬಿಡಿ."

ಚಕ್ರ ಅವಳ ಕೈಯೊಳಗೆ ಜೀವ ಬಂದ ಹಾಗೆ ತಿರುಗಿತು.

"ಹಿಡಿ. ಬಿಡಿ. ಹಿಡಿ."

ಗೇಣು ಗೇಣಾಗಿ ಹಗ್ಗ ಸರಿಯಿತು. ಐದನೇ ಮಹಡಿಯ ಹಳದಿ ಗುರುತು ಹಗ್ಗದ ಮೇಲೆ ಬರಬೇಕು, ಇನ್ನೂ ಬಂದಿರಲಿಲ್ಲ. ಸ್ಪೀಕರಿಗೆ ಹಾಕಿಟ್ಟಿದ್ದ ಮೇಷ್ಟ್ರ ಫೋನಿನಲ್ಲಿ ಕ್ಯಾಪ್ಟನ್ನರ ದನಿ ಬಂತು: "ಅಮ್ಮಾ, ತಟ್ಟೋದು ನಿಂತಿದೆ."

ಮೇಷ್ಟ್ರು ಅವಳ ಕಡೆ ತಿರುಗಿದ. "ಬೇಗ ತಿರುಗಿಸೇ!"

"ಬೇಗ ಮಾಡಿದ್ರೆ ಕೈ ತಪ್ಪುತ್ತೆ. ಬಿಡಿ" ಅಂದಳು ಅವಳು. ದನಿಯಲ್ಲಿ ಏರಿಳಿತವಿಲ್ಲ. "ಹಿಡಿ. ಬಿಡಿ."

ಹಳದಿ ಗುರುತು ಬಂತು. "ಹಿಡಿ. ಸರಳು ತೆಗೆದು ಪಕ್ಕಕ್ಕಿಡಿ. ಮುಟ್ಟಬೇಡಿ ಇನ್ನು." ಎರಡು ಮಹಡಿ ಜಿಗಿಯುತ್ತ ಇಳಿದು ಬಾಗಿಲಿಗೆ ಕೀಲಿ ಹಾಕಿದಳು.

ಒಳಗೆ ಆತ ಮೂಲೆಗೊರಗಿ ಕೂತಿದ್ದರು. ತುಟಿ ನೀಲಿ. ಸಿಲಿಂಡರಿನ ಮುಳ್ಳು ಕೆಂಪಿನಲ್ಲಿ ಮಲಗಿತ್ತು. ಹೆಂಡತಿ ಮನೆಯಿಂದ ಎಳೆದು ತಂದಿಟ್ಟಿದ್ದ ದೊಡ್ಡ ಸಿಲಿಂಡರಿನ ನಳಿಗೆಯನ್ನು ಕ್ಯಾಪ್ಟನ್ ನೆಲಕ್ಕೆ ಕೂತು ಅವರ ಮೂಗಿಗೆ ಸಿಕ್ಕಿಸಿದರು. ಒಂದು ನಿಮಿಷ ಹೋಯಿತು. ಆಮೇಲೆ ಆತ ಕಣ್ಣು ಬಿಟ್ಟು, ನೆಲದ ಮೇಲೆ ಕೂತಿದ್ದ ಕ್ಯಾಪ್ಟನ್ನರನ್ನು ನೋಡಿ, "ನಿಮಗೇನಾಯ್ತು?" ಅಂದರು.

"ಬೆನ್ನು ಸ್ವಾಮೀ. ಏಳೋಕಾಗ್ತಿಲ್ಲ."

ಆಂಬುಲೆನ್ಸು ಬಂದು ಇಬ್ಬರನ್ನೂ ಕರೆದುಕೊಂಡು ಹೋಯಿತು.

ಲಿಫ್ಟಕ್ಕ ಅಲ್ಲೇ ಉಳಿದು ಲಿಫ್ಟು ಯಾಕೆ ನಿಂತಿತೆಂದು ಹುಡುಕಿದಳು. ಬಾಗಿಲಿನ ಒಂದು ಸವೆದ ಕೊಂಡಿ. ಬದಲಾಯಿಸಲು ಅರ್ಧ ಗಂಟೆ ಹಿಡಿಯಿತು. ಮೇಷ್ಟ್ರು ಟಾರ್ಚು ಹಿಡಿದು ಪಕ್ಕದಲ್ಲೇ ನಿಂತಿದ್ದ. ಕೆಲಸ ಮುಗಿಯುವ ಹೊತ್ತಿಗೆ ತಾನಾಗಿಯೇ ಹೇಳಿದ.

"ಆ ಹುಡುಗನಿಗೆ ಬ್ರೇಕ್ ಹಾಕೋದು ಕಲಿಸಿದ್ದೆ. ಎಷ್ಟು ಮೊದಲೇ ಹಾಕ್ಬೇಕು ಅಂತ ಆ ಗುಡ್ಡದಲ್ಲಿ ಕಲಿಸಿರಲಿಲ್ಲ. ಪರೀಕ್ಷೇಲಿ ಕೇಳ್ತಿರಲಿಲ್ಲ ನೋಡು, ಅದಕ್ಕೆ."

ಅವಳು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸುತ್ತ ಅವನನ್ನೇ ನೋಡಿದಳು. "ನಿಮ್ಮ ತಪ್ಪಲ್ಲ ರೀ" ಅನ್ನಬಹುದಿತ್ತು. ಅನ್ನಲಿಲ್ಲ. ಅದು ಅವನಿಗೆ ಬೇಕಾದ ಮಾತಲ್ಲ ಅಂತ ಅವಳಿಗೆ ಗೊತ್ತಿತ್ತು. "ನನಗೆ ಕಲಿಸಿ" ಅಂದಳು.

ಕಾರು ಕೊಂಡರು. ಕ್ಯಾಪ್ಟನ್ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಯೇ ಕಾಗದಗಳಿಗೆ ಸಹಿ ಹಾಕಿದರು. ಅಲ್ಲಿಂದ ಆರು ಭಾನುವಾರ ಗಂಡ ಹೆಂಡತಿ ಗುಡ್ಡ ಹತ್ತಿಳಿದರು. ಒಂದೊಂದು ತಿರುವಿನಲ್ಲೂ ಎಲ್ಲಿ ಬ್ರೇಕು, ಎಲ್ಲಿ ಕಣ್ಣು. ಮುಂದಿನ ವರ್ಷದಿಂದ ಮೇಷ್ಟ್ರು ತನ್ನ ಶಿಷ್ಯರಿಗೆಲ್ಲ ಒಂದು ಪಾಠ ಗುಡ್ಡದ ಮೇಲೇ ಇಟ್ಟ. ಕೆಲವರ ಅಪ್ಪ ಅಮ್ಮಂದಿರು ಗೊಣಗಿದರು. ಅವನು ಕೇಳಿಸಿಕೊಳ್ಳಲಿಲ್ಲ.

ಗಾಡಿಯಲ್ಲಿ ಕುಂದಿಲ್ಲವೆಂದಲ್ಲ. ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು. ಊರೊಳಗಿನ ಹಳ್ಳಕೊಳ್ಳಗಳಲ್ಲಿ ಅಮ್ಮ ಪ್ರತಿ ಸಲವೂ ಕ್ಯಾಪ್ಟನ್ನರ ಬೆನ್ನನ್ನು ನೆನೆಯುತ್ತಿದ್ದಳು. ಆದರೆ ವಾರಕ್ಕೆ ಆರು ದಿನ ಸಂತೆ ಸಾಮಾನು, ಏಣಿ, ಅಮ್ಮನ ಊರುಗೋಲು ಹೊತ್ತು ಹಸುವಿನ ಹಾಗೆ ನಡೆಯುತ್ತಿತ್ತು.

ಅದಾದ ಎರಡನೇ ಚಳಿಗಾಲದಲ್ಲಿ ಒಂದು ಬೆಳಗ್ಗೆ ಮೇಲಿನ ಊರಿನ ಆಫೀಸೊಂದರಿಂದ ಕರೆ ಬಂತು. ಲಿಫ್ಟು ನಿಂತಿದೆ, ಒಳಗೆ ಯಾರೂ ಇಲ್ಲ, ಸಾಹೇಬರು ಮೆಟ್ಟಿಲು ಹತ್ತಬೇಕಾಗಿದೆ, ಕೂಡಲೇ ಬನ್ನಿ. ಅವಳು ಐದು ತಿರುವು ಹತ್ತಿದಳು. ಆರನೆಯದರಲ್ಲಿ ರಸ್ತೆ ಉದ್ದಕ್ಕೂ ಗಾಜಾಗಿತ್ತು. ಗಾಡಿ ಹತ್ತುತ್ತಿತ್ತೇನೋ. ಅವಳು ಇಳಿದು, ಬೂಟಿನ ತುದಿಯಿಂದ ನೆಲ ಒಮ್ಮೆ ಕೆರೆದು ನೋಡಿ, ಫೋನು ತೆಗೆದಳು.

"ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಬರ್ತೀನಿ. ಅಲ್ಲಿವರೆಗೆ ಸಾಹೇಬರು ಮೆಟ್ಟಿಲು ಹತ್ತಲಿ, ಆರೋಗ್ಯಕ್ಕೆ ಒಳ್ಳೇದು" ಅಂದು, ಗಾಡಿ ತಿರುಗಿಸಿಕೊಂಡು ನಿಧಾನವಾಗಿ ಇಳಿದಳು.