ಸದ್ದಿಲ್ಲದ ಚೆಂಡು

ಮಾರ್ಲಾ ಕುಬಿಚೆಕ್ ವರ್ಷವಿಡೀ ಶಾಲೆಯ ಊಟದ ಮನೆಯಲ್ಲಿ ಬಡಿಸುವವಳು. ಬೇಸಿಗೆ ಬಂತೆಂದರೆ ಅಮೆರಿಕದ ನೆಬ್ರಾಸ್ಕಾದ ಒಂದು ಪುಟ್ಟ ಊರಿನ ಕಾಲೇಜು ಬೇಸ್‌ಬಾಲ್ ಶಿಬಿರದಲ್ಲಿ ಅವಳಿಗೆ ಇನ್ನೊಂದು ಕೆಲಸ. ಕಾಲೇಜು ತಂಡಕ್ಕೆ ಆಯ್ಕೆಯಾಗಲು ಬಂದ ಹೈಸ್ಕೂಲು ಹುಡುಗರು ಎಸೆಯುವ ಚೆಂಡನ್ನು ಕುಕ್ಕರಗಾಲಲ್ಲಿ ಕೂತು ಹಿಡಿಯಬೇಕು. ಕೂರುವಾಗ ಮಂಡಿ ಚಟಪಟ ಅನ್ನುತ್ತದೆ.

"ಮ್ಯಾಮ್, ಅದು ಕಾಲಾ, ಪಾಪ್‌ಕಾರ್ನ್ ಹುರೀತಿದ್ದೀರಾ?" ಎನ್ನುತ್ತಾನೆ ಎಸೆಯಲು ನಿಂತ ಹುಡುಗ.

"ನೆಟ್ಟಗೆ ಎಸೆಯೋ ಮೊದ್ಲು. ಆಮೇಲೆ ಉಪ್ಪು ಹಾಕಿ ಕೊಡ್ತೀನಿ."

ಚೆಂಡು ಅವಳ ಚರ್ಮದ ಗವಸಿಗೆ ಬಡಿದಾಗ ಏಳುವ ಸದ್ದು ಒಬ್ಬೊಬ್ಬನದು ಒಂದೊಂದು ಬಗೆ. ಒಣ ಹಲಗೆ ಮುರಿದಂತೆ ಒಬ್ಬನದು, ಒದ್ದೆ ಬಟ್ಟೆ ಬಡಿದಂತೆ ಮತ್ತೊಬ್ಬನದು. ಆದರೆ ಹಿಂದೆ ಎರಡು ಸಲ ಸದ್ದೇ ಬಂದಿರಲಿಲ್ಲ. ಚೆಂಡು ಬಂದು ಅಂಗೈ ಉರಿದಿತ್ತು. ಕಿವಿಗೆ ಮಾತ್ರ ಏನೂ ಇಲ್ಲ, ಬಾವಿಗೆ ಹಾಕಿದ ಕಲ್ಲು ನೀರನ್ನೇ ಮುಟ್ಟದೆ ಹೋದ ಹಾಗೆ. ಆ ಇಬ್ಬರು ಹುಡುಗರ ಮೊಣಕೈ ಕೀಲಿನ ನಾರೂ ಶಿಬಿರ ಮುಗಿಯುವುದರೊಳಗೆ ಹರಿದುಹೋಗಿತ್ತು. ಕೋಚ್ ರೆನರ್‌ಗೆ ಹೇಳಿದರೆ ಅವನು ನಕ್ಕಿದ್ದ. "ಕಿವಿ ತೊಳೆಸ್ಕೋ, ಮಾರ್ಲಾ."

ಈ ವರ್ಷ ಪಕ್ಕದ ಮನೆಯ ಗಸ್ ವೆರ್ಬ್ಕಾನ ಮಗ ಡಿಲನ್ ಬಂದಿದ್ದ. ಮಾರ್ಲಾಳ ಗ್ಯಾರೇಜಿನ ಬಾಗಿಲಿಗೆ ಚೆಂಡು ಎಸೆದೆಸೆದೇ ಬೆಳೆದ ಹುಡುಗ. ಇವತ್ತು ಚೆನ್ನಾಗಿ ಎಸೆದರೆ ಕಾಲೇಜಿನಲ್ಲಿ ಜಾಗ, ಓದಿನ ಖರ್ಚೂ ಕಾಲೇಜಿನದೇ ಎಂದು ಕೋಚ್ ಬೆಳಿಗ್ಗೆಯೇ ಗಸ್‌ಗೆ ಹೇಳಿದ್ದ.

ಮಧ್ಯಾಹ್ನ ಗಾಳಿ ಬಿದ್ದುಹೋಗಿತ್ತು. ಬೇಲಿಯಾಚೆ ಆಳೆತ್ತರದ ಜೋಳದ ಹೊಲ ಒಂದು ಗರಿಯನ್ನೂ ಅಲುಗಿಸದೆ ನಿಂತಿತ್ತು, ಇತ್ತಲೇ ನೋಡುತ್ತಿರುವಂತೆ. ಡಿಲನ್ ಎಸೆದ. ಹಲಗೆ ಮುರಿದ ಸದ್ದು. ಮತ್ತೆ ಎಸೆದ.

ಏನೂ ಇಲ್ಲ.

ಬಿಸಿಲಿನಲ್ಲಿ ಕಾದಿರಬೇಕಾದ ಚೆಂಡು ಗವಸಿನೊಳಗೆ ಕಲ್ಲಿನಂತೆ ತಣ್ಣಗಿತ್ತು. ಅವಳ ಬೆನ್ನ ಹಿಂದಿನ ತಂತಿಬೇಲಿಯಾಚೆ ಕೂತಿದ್ದ ಕಾಲೇಜಿನ ಕೋಚ್‌ಗಳು "ಆಹಾ!" ಎಂದರು. ಸದ್ದು ಅವರಿಗೆ ಕೇಳಿತ್ತು.

ಮಾರ್ಲಾ ಎದ್ದು ನಿಂತಳು. ಚೆಂಡನ್ನು ಹಿಂದಕ್ಕೆ ಎಸೆಯಲಿಲ್ಲ.

"ಕೊಡಿ ಮ್ಯಾಮ್," ಎಂದ ಡಿಲನ್.

"ಕೋಚ್, ಈ ಹುಡುಗನಿಗೆ ನೋವಿದೆ. ಸಾಕು ಮಾಡಿ."

ರೆನರ್ ಗಲ್ಲ ಕೆರೆದುಕೊಂಡ. "ಏನಪ್ಪಾ, ನೋವಿದ್ಯಾ?"

"ಇಲ್ಲ ಸರ್."

ಇಲ್ಲ ಸರ್. ಕೋಚ್‌ಗಳು ಕೂತಿರುವಾಗ ಯಾವ ಹುಡುಗ ತಾನೇ ಬೇರೆ ಉತ್ತರ ಕೊಟ್ಟಾನು? ನೋವಿನ ಮಾತ್ರೆ ನುಂಗಿ ಬಂದವರೂ, ರಾತ್ರಿಯಿಡೀ ಕೈಗೆ ಐಸ್ ಕಟ್ಟಿಕೊಂಡವರೂ ಹೇಳುವುದು ಅದನ್ನೇ.

"ಮಾರ್ಲಾ, ನನ್ನ ಮಗನ ಅನ್ನಕ್ಕೆ ಕಲ್ಲು ಹಾಕ್ಬೇಡ ಕಣೇ!" ಗಸ್ ಬೇಲಿಯ ಬಳಿಯಿಂದ ಕೂಗಿದ.

ಕೋಚ್ ಅವಳ ಕೈಯಿಂದ ಚೆಂಡು ತೆಗೆದುಕೊಂಡು ಹಿಡಿಯಲು ಬೇರೊಬ್ಬನನ್ನು ಕೂರಿಸಿದ. ಮಾರ್ಲಾ ಬೇಲಿಗೆ ಒರಗಿ ನಿಂತಳು. ಈಗ ಪ್ರತಿ ಚೆಂಡೂ ಗವಸಿಗೆ ಬಡಿದು ಬಂದೂಕು ಹಾರಿಸಿದಂತೆ ಸಿಡಿಯಿತು, ಅವಳಿಗೂ ಕೇಳಿತು. ವೇಗ ಅಳೆಯುವ ಯಂತ್ರ ಹಿಡಿದವನು ಶಿಳ್ಳೆ ಹಾಕಿದ. ನನಗೇ ವಯಸ್ಸಾಯಿತೇನೋ, ಅಂದುಕೊಂಡಳು.

ಎಸೆತ ಮುಗಿದಾಗ ರೆನರ್ ಡಿಲನ್‌ನ ಬೆನ್ನು ತಟ್ಟಿದ. "ಜಾಗ ನಿಂದೇ ಕಣೋ." ಗಸ್ ಟೋಪಿ ಮೇಲಕ್ಕೆಸೆದು ಕುಣಿದ.

ಮಾರ್ಲಾಳೂ ಹೋಗಿ ಹುಡುಗನ ಬಲಗೈ ಕುಲುಕಿದಳು. ಅದು ಆ ಚೆಂಡಿನಷ್ಟೇ ತಣ್ಣಗಿತ್ತು. ಬೆರಳುಗಳು ಅವಳ ಕೈಯನ್ನು ಹಿಡಿಯಲಿಲ್ಲ. ಸತ್ತ ಹಕ್ಕಿಯಂತೆ ಸುಮ್ಮನೆ ಬಿದ್ದಿದ್ದವು.

"ಎಷ್ಟು ದಿನದಿಂದ ಹೀಗೆ?" ಎಂದಳು ಮೆಲ್ಲಗೆ.

ಡಿಲನ್ ಕಣ್ಣಲ್ಲಿ ನೀರು. "ಹೇಳ್ಬೇಡಿ ಮ್ಯಾಮ್. ಅಪ್ಪನ ಮುಖ ನೋಡಿ."

ಅವಳು ನೋಡಿದಳು. ಆ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ಎಂದೂ ಕಂಡಿರಲಿಲ್ಲ.

ಕೈ ಬಿಡಲಿಲ್ಲ.

"ಗಸ್," ಎಂದು ಕರೆದಳು, "ಇಲ್ಲಿ ಬಾ. ನಿನ್ನ ಮಗನ ಕೈ ಒಂದ್ಸಲ ಹಿಡ್ಕೊಂಡು ನೋಡು."