ನನ್ನ ಆಕಳಿಕೆ, ಸೀನನ ಚಿಟಿಕೆ

ಆಕಳಿಕೆ ಎಂಬ ಪದವನ್ನು ಬರೆಯುವಾಗಲೇ ನಾನು ಎರಡು ಸಲ ಆಕಳಿಸಿದ್ದೇನೆ. ಓದುವ ನಿಮಗೂ ಬಂದರೆ ಸಂಕೋಚ ಬೇಡ. ನೀವು ಈಗ ಬಸ್ಸು ಓಡಿಸುತ್ತಿಲ್ಲವಲ್ಲ, ಅಷ್ಟು ಸಾಕು.

೧೯೮೦ರ ಆಸುಪಾಸಿನಲ್ಲಿ ಒಂದು ಮಧ್ಯಾಹ್ನ, ಶಾಲಾ ಮಾಸ್ತರನಾದ ನಾನು ಕಾರ್ಕಳದಲ್ಲಿ ಮದುವೆಯೂಟ ಮುಗಿಸಿ ಉಡುಪಿಯ ಬಸ್ಸು ಹತ್ತಿದೆ. ಸಿಕ್ಕಿದ್ದು ಇಂಜಿನ್ ಪಕ್ಕದ ಅಡ್ಡ ಸೀಟು. ಅಲ್ಲಿ ಕುಳಿತವನ ಮುಖ ನೇರ ಡ್ರೈವರನ ಕಡೆಗೇ. ಬೈಲೂರು ದಾಟಿದ ಮೇಲೆ ನನಗೊಂದು ಆಕಳಿಕೆ ಬಂತು. ಸಣ್ಣದಲ್ಲ, ಪಾಯಸ ಎರಡು ಸಲ ಹಾಕಿಸಿಕೊಂಡವನದು. ಡ್ರೈವರ್ ಸೀನ ಅದನ್ನು ನೋಡಿದ. ಅವನ ತುಟಿ ಬಿಗಿಯಿತು, ದವಡೆ ನಡುಗಿತು, ಕೊನೆಗೆ ಬಾಯಿ ತೆರೆಯಿತು. ಇಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆಕಳಿಸುವಾಗ ಬಾಯಿಯ ಮುಂದೆ ಚಿಟಿಕೆ ಹೊಡೆಯಬೇಕೆಂದು ನಮ್ಮೆಲ್ಲರಂತೆ ಅವನಿಗೂ ಚಿಕ್ಕಂದಿನಲ್ಲಿ ಕಲಿಸಿದ್ದರು. ಎಡಗೈ ಗೇರ್ ಕೋಲಿನ ಮೇಲಿತ್ತು. ಬಲಗೈ ಸ್ಟೇರಿಂಗ್ ಬಿಟ್ಟು ಮೇಲೆದ್ದಿತು. ಮೂರು ಚಿಟಿಕೆ. ನಾನು ಎಣಿಸಿದ್ದೇನೆ. ಎರಡನೆಯದಕ್ಕೆ ತಿರುವು ಬಂತು, ಮೂರನೆಯದಕ್ಕೆ ಚರಂಡಿ.

ಯಾರಿಗೂ ಪೆಟ್ಟಾಗಲಿಲ್ಲ. ಹಿಂದಿನಿಂದ ಮೀನು ಮಾರುವ ಗುಲಾಬಕ್ಕ ಕೂಗಿದಳು: “ಎಂತ ಸೀನಣ್ಣ, ಬಸ್ಸು ಬಿಡುದಾ, ತಾಳ ಹಾಕುದಾ?”

ಡ್ರೈವರ್ ನಿದ್ದೆ ಹೋದನೆಂಬ ಸುದ್ದಿ ಕಾಪುವಿನಲ್ಲಿದ್ದ ಬಸ್ಸಿನ ಮಾಲೀಕರಿಗೆ ಮುಟ್ಟಿತು. ಅವರು ವಯಸ್ಸಾದ ಹಾಜಿ. ಸೀನನನ್ನು ಕೆಲಸದಿಂದ ತೆಗೆಯುವುದೇ ಸರಿ ಎಂದರಂತೆ. ಅಪರಾಧದ ಮೂಲ ನನ್ನ ಬಾಯಿ. ಸಾಕ್ಷಿ ಹೇಳದೆ ವಿಧಿಯಿರಲಿಲ್ಲ. ಮೊದಲು ಮಣಿಪಾಲದ ಡಾಕ್ಟರ್ ಮಿತ್ರನನ್ನು ಕೇಳಿದೆ. “ರಕ್ತಕ್ಕೆ ಗಾಳಿ ಸಾಲದಿದ್ದರೆ ಆಕಳಿಕೆ ಬರ್ತದೆ ಅಂತ ಓದಿದ್ದೇನೆ. ಒಬ್ಬನದು ಇನ್ನೊಬ್ಬನಿಗೆ ಯಾಕೆ ಹಿಡೀತದೆ ಅಂತ ಪುಸ್ತಕದಲ್ಲಿ ಇಲ್ಲ ಮಾರಾಯ,” ಎಂದು ಅವನೂ ಆಕಳಿಸಿದ. ನಾನು ಗಮನಿಸಿದ್ದು ಇಷ್ಟು: ತೊಟ್ಟಿಲ ಮಗು ತಾನಾಗಿ ಆಕಳಿಸುತ್ತದೆ, ನಮ್ಮದನ್ನು ಹಿಡಿಯುವುದಿಲ್ಲ. ಲೋಕದಲ್ಲಿ ಇನ್ನೊಬ್ಬರೂ ಇದ್ದಾರೆಂದು ತಿಳಿದ ಮೇಲೆಯೇ ಅದಕ್ಕೆ ಈ ಅಂಟು.

ಕಾಪುವಿಗೆ ಹೋಗಿ, ಸೀನನಿಗೆ ಬಂದದ್ದು ನಿದ್ದೆಯಲ್ಲ, ನನ್ನಿಂದ ಹರಡಿದ ಆಕಳಿಕೆ ಎಂದೆ. “ಮಾಸ್ಟ್ರೇ, ಆಕಳಿಕೆ ಎಂತ ಕಜ್ಜಿಯಾ, ಹರಡ್ಲಿಕ್ಕೆ?” ಎಂದರು ಹಾಜಿ.

ನಡೆದದ್ದನ್ನು ಕ್ರಮವಾಗಿ ಹೇಳಿ, ತೋರಿಸಲೆಂದು ಬಾಯಿ ತೆರೆದೆ. ಸುಳ್ಳು ಆಕಳಿಕೆ ಅರ್ಧದಲ್ಲಿ ನಿಜವಾಯಿತು. ಹಾಜಿ ಗಡ್ಡ ನೀವಿದರು, ಗೋಡೆ ನೋಡಿದರು, ಕೆಮ್ಮಿದರು. ಫಲವಿಲ್ಲ. ಅಂಗೈ ಅಡ್ಡ ಹಿಡಿದು ದೀರ್ಘವಾಗಿ ಆಕಳಿಸಿದರು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಸೀನನಿಗೆ ಆ ಸದ್ದೇ ಸಾಕಾಯಿತು. ಅವನೂ ಬಾಯಿ ತೆರೆದ.

ಹಾಜಿ ಕಣ್ಣಂಚು ಒರೆಸಿಕೊಂಡರು. “ಇವನನ್ನು ತೆಗೆದರೆ ನನ್ನನ್ನೂ ತೆಗಿಬೇಕಲ್ವಾ ಮಾರಾಯ್ರೇ? ಸೀನ, ನಾಳೆ ಡ್ಯೂಟಿಗೆ ಬಾ. ಬಾಯಿ ಎಷ್ಟು ಬೇಕಾದ್ರೂ ತೆರಿ, ಕೈ ತೆಗಿಬೇಡ.”

ಆಕಳಿಕೆ ಏಕೆ ಹರಡುತ್ತದೆಂದು ನನಗೆ ಈಗಲೂ ತಿಳಿಯದು. ಎಲ್ಲರೂ ಒಟ್ಟಿಗೆ ಆಕಳಿಸಿದ ಮೇಲೆ ಕೋಪವನ್ನು ಮುಂದುವರಿಸುವುದು ಬಹಳ ಕಷ್ಟ ಎಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.